ಮೆಲ್ಲಗೆ ಎದ್ದ ಮೋಟಾರು

ಪರೇಲಿನ ನೂಲಿನ ಗಿರಣಿಯೊಂದರಲ್ಲಿ ನಾನು ಎಲೆಕ್ಟ್ರಿಕಲ್ ವಿಭಾಗ ನೋಡಿಕೊಳ್ಳುತ್ತಿದ್ದೆ. ಅಲ್ಲಿನ ಹಳೆಯ ಮೋಟಾರುಗಳೆಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸ್ವಿಚ್ ಒತ್ತಿದೊಡನೆ ಪೂರ್ತಿ ವೇಗಕ್ಕೆ ಜಿಗಿಯುತ್ತಿದ್ದವು; ಆ ಹೊಡೆತಕ್ಕೆ ಎಳೆಗಳು ಪಟಪಟನೆ ಕಡಿಯುತ್ತಿದ್ದವು. ಅದಕ್ಕೇ ಪ್ರತಿ ಸಲವೂ ಸ್ವಿಚ್ ಒತ್ತುವ ಮೊದಲು ಕೆಲಸಗಾರರ ಮುಖ್ಯಸ್ಥ, ವಿಜಾಪುರದ ಕಡೆಯ ಜಾಬರ್, "ಸಂಭಾಳೋ!" ಎಂದು ಎಚ್ಚರಿಸಿ ಕೂಗುತ್ತಿದ್ದ. ಕಡಿದ ಎಳೆ ಜೋಡಿಸಲು ಎಲ್ಲರೂ ಕೈಯೆತ್ತಿ ನಿಲ್ಲುತ್ತಿದ್ದರು.

ತೊಂಬತ್ತರ ದಶಕದ ಆರಂಭದಲ್ಲಿ, ಮೋಟಾರಿನ ವೇಗವನ್ನು ಸೊನ್ನೆಯಿಂದ ನಿಧಾನವಾಗಿ ಏರಿಸುವ ಡ್ರೈವ್ ಬಂತು. ಬೂದು ಬಣ್ಣದ ಪೆಟ್ಟಿಗೆ, ನೋಡಲು ಏನೂ ಇಲ್ಲ. ಮೊದಲ ಮುಂಜಾನೆ ಬೇರೆ ಯಂತ್ರಗಳಿನ್ನೂ ಶುರುವಾಗಿರಲಿಲ್ಲ. ಜಾಬರ್ ಎಂದಿನಂತೆ ಕೂಗಿದ, ನಾನು ಗುಂಡಿ ಒತ್ತಿದೆ. ಧಡ್ ಎಂಬ ಸದ್ದೇ ಇಲ್ಲ. ಎಲ್ಲರೂ ಕೈಯೆತ್ತಿಕೊಂಡೇ ಕಾದರು.

"ಚಾಲೂ ಮಾಡ್ರೀ ಸಾಹೇಬ್ರ, ಎಷ್ಟೊತ್ತು ಹಿಂಗ ನಿಲ್ಲೂದು?" ಎಂದ ಜಾಬರ್.

"ಕಣ್ಣು ಬಿಟ್ಟು ನೋಡಯ್ಯ!" ಎಂದು ರೇಗಿದೆ.

ನೂಲು ಸುತ್ತುವ ಬಾಬಿನ್‌ಗಳು ಆಗಲೇ ತಿರುಗುತ್ತಿದ್ದವು, ಒಂದೂ ಎಳೆ ಕಡಿಯದೆ. ಆತ ಬಾಗಿ ನೋಡಿದ. ಎತ್ತಿದ ಕೈ ಇಳಿಸುವುದನ್ನೂ ಮರೆತು, ಮಲಗಿದ ಕೂಸಿನ ಪಕ್ಕ ನಿಂತವನಂತೆ ದನಿ ತಗ್ಗಿಸಿ ಹೇಳಿದ:

"ಮೋಟಾರ್ ಎದ್ದದ್ದು ನೂಲಿಗೇ ಗೊತ್ತಾಗಿಲ್ರೀ."