‘ಇಗೋ ಬಂದೆ’ ಅತ್ತೆ

ಸೊಸೆ ಅತ್ತೆಗೆ ಗುಟ್ಟಾಗಿ ಇಟ್ಟಿದ್ದ ಹೆಸರು ‘ಇಗೋ ಬಂದೆ’. ಊಟಕ್ಕೆ ಕೂತರೆ ಎರಡೇ ತುತ್ತಿಗೆ “ಇಗೋ ಬಂದೆ” ಎಂದು ಬಚ್ಚಲಿಗೆ ಎದ್ದು ಹೋಗುವರು. ಬಸ್ಸು ಕಣ್ಣೆದುರಿಗೆ ಬಂದು ನಿಂತಾಗಲೂ ಅದನ್ನೇ ಹೇಳಿ ಮನೆಗೆ ತಿರುಗುವರು. ಯಮನೇ ಬಂದು ಕದ ತಟ್ಟಿದರೂ ಅರ್ಧ ಗಂಟೆ ಕಾಯಿಸುವವರೇ. ಮೊಮ್ಮಗಳು ಕೈ ಚಾಚಿದರೆ ಮಾತ್ರ, “ಎತ್ತಿ ಎತ್ತಿ ಅಭ್ಯಾಸ ಮಾಡ್ಬೇಡಮ್ಮ, ಕೆಳಗೇ ಬಿಡು” ಎಂದು ಹಿಂದೆ ಸರಿಯುವರು. ಹೆಣ್ಣೆಂಬ ತಾತ್ಸಾರವೋ, ತನ್ನ ಮೇಲಿನ ಕೋಪವೋ ಎಂದು ಸೊಸೆಗೆ ಒಳಗೊಳಗೇ ಕುದಿತ. ಕಳೆದ ವಾರ ರಕ್ತದ ಕಲೆಯಾದ ಬಟ್ಟೆ ಸಿಕ್ಕಿ, ಅವಳು ಗದರಿಸಿ ಕೇಳಿದಾಗಲೇ ಗುಟ್ಟು ರಟ್ಟಾದದ್ದು: ತಿಣುಕಿದರೆ, ಕೆಮ್ಮಿದರೆ, ಭಾರ ಎತ್ತಿದರೆ ಗುದದ್ವಾರದಿಂದ ಕರುಳು ಹೊರಗೆ ಜಾರುತ್ತಿತ್ತು, ಎರಡು ವರ್ಷದಿಂದ ಅತ್ತೆ ಯಾರಿಗೂ ಹೇಳದೆ ಅದನ್ನು ಕೈಯಿಂದಲೇ ಒಳಗೆ ತಳ್ಳಿಕೊಳ್ಳುತ್ತಿದ್ದರು. “ಹೊಟ್ಟೆ ಕೊಯ್ಯಲ್ಲಮ್ಮ, ಕೆಳಗಿಂದ್ಲೇ ಸರಿ ಮಾಡ್ತೀವಿ. ಎಪ್ಪತ್ತಾರಾದ್ರೇನಂತೆ, ತಡ್ಕೋತೀರಿ” ಎಂದರು, ಸೊಸೆ ಕರೆದೊಯ್ದ ಆಸ್ಪತ್ರೆಯ ಸರ್ಜನ್. ಕುರ್ಚಿಯ ತುದಿಯಲ್ಲಿ ಚಡಪಡಿಸುತ್ತಿದ್ದ ಅತ್ತೆ ನೋವಾಗುತ್ತದೆಯೇ ಎಂದೂ ಕೇಳಲಿಲ್ಲ. “ಆಮೇಲೆ ಭಾರ ಎತ್ಬಹುದಾ ಡಾಕ್ಟ್ರೇ?” “ಎರಡು ತಿಂಗಳು ಬಿಟ್ಟು, ಹಗುರಾದ್ದು ಎತ್ತಿ.” “ಎಂಟು ಕಿಲೋ ನಾನೂರು ಗ್ರಾಂ?” ಡಾಕ್ಟರು ನಕ್ಕರು. ಸೊಸೆಗೆ ನಗು ಬರಲಿಲ್ಲ. ಅದು ಮೊನ್ನೆ ಚುಚ್ಚುಮದ್ದು ಹಾಕಿಸಿದ ದಿನ ತೂಗಿದ ಮಗುವಿನ ತೂಕ.