ಚೆಲುವಿಯ ಹೊಟ್ಟೆಯೊಳಗಿನ ಹೊಸಬರು

ಬನ್ನೂರಿನಾಚೆ ಕಬ್ಬಿನ ಗದ್ದೆಗಳ ನಡುವೆ ಮಂಚಮ್ಮನ ಹಂದಿ ಶೆಡ್ಡು. ಹೊಸಬರು ಯಾರೇ ಬರಲಿ, ಅವಳ ಮೊದಲ ಪ್ರಶ್ನೆ, “ಯಾವೂರವ್ವ, ಯಾರ ಪೈಕಿ?” ಉತ್ತರ ಸಿಕ್ಕದೆ ಟೀ ಸಿಕ್ಕುವುದಿಲ್ಲ.

ಮೈಸೂರಿನ ಲ್ಯಾಬಿನ ಪಲ್ಲವಿಗೂ ಹಾಗೇ ಆಯಿತು. ನಂಜನಗೂಡಿನ ನಾಗೇಂದ್ರ ಮೇಷ್ಟ್ರ ಮಗಳು ಎಂದು ಗೊತ್ತಾದ ಮೇಲೆ ಲೋಟ ಬಂತು. ರೋಗವಿಲ್ಲದ ಹಂದಿಗಳ ಹೊಟ್ಟೆಯಲ್ಲಿ ಯಾವ ಯಾವ ಬ್ಯಾಕ್ಟೀರಿಯಾ ಇವೆಯೆಂದು ಗುರುತಿಸುವುದು ಅವಳ ಕೆಲಸ. ಮರಿ ಹಾಕಿದ್ದ ಹೆಣ್ಣುಹಂದಿ ಚೆಲುವಿಯ ಆಗತಾನೆ ಬಿದ್ದ ಮಲವನ್ನು ಗಾಳಿ ಸೋಕದಂತೆ ಕೊಳವೆಗೆ ತುಂಬಿಕೊಂಡು ಹೋದಳು.

ಎರಡು ತಿಂಗಳ ಮೇಲೆ ಪಲ್ಲವಿ ಫೋನು ಮಾಡಿದಾಗ ಮೊಬೈಲು ಮಂಚಮ್ಮನ ಗಂಡ ಸಿದ್ದಯ್ಯನ ಕೈಲಿತ್ತು, ಸಿದ್ದಯ್ಯ ಟೀ ಅಂಗಡಿಯಲ್ಲಿದ್ದ, ಸ್ಪೀಕರ್ ಆನಾಗಿತ್ತು.

“ನಿಮ್ಮ ಚೆಲುವೀಲಿ ಹೊಸ ಬ್ಯಾಕ್ಟೀರಿಯಾ ಸಿಕ್ಕಿದೆ! ಇನ್ನೊಂದ್ಸಲ ಸಿಕ್ಕಿದ್ರೆ ಖಾತ್ರಿ. ಸೋಮವಾರ ಬರ್ತೀನಿ.”

ಸಂಜೆಯೊಳಗೆ ಊರೆಲ್ಲ ಒಂದೇ ಮಾತು: ಮಂಚಮ್ಮನ ಹಂದಿಗೆ ಹೊಸ ಹುಳ ಬಿದ್ದದಂತೆ. ಚೆಲುವಿಯ ಮರಿಗಳನ್ನು ಕೊಳ್ಳಲು ಕೇಳಿದ್ದ ತಗಡೂರಿನ ಕರಿಯಯ್ಯ, “ರೋಗದ ಮರಿ ನಂಗ್ಬ್ಯಾಡ ಕಣಕ್ಕ” ಅಂದುಬಿಟ್ಟ. ಇಪ್ಪತ್ತು ವರ್ಷದ ಒಳ್ಳೆ ಹೆಸರು ಒಂದೇ ದಿನಕ್ಕೆ ಹೋಯಿತು! ಮಂಚಮ್ಮ ಹಂಡೆ ತುಂಬ ಬೇವಿನ ಕಷಾಯ ಕಾಯಿಸಿ ಎಲ್ಲ ತೊಟ್ಟಿಗೂ ಸುರಿದಳು.

ಸೋಮವಾರ ಪಲ್ಲವಿ ಬಂದಾಗ ಮಂಚಮ್ಮ ಎದೆಯುಬ್ಬಿಸಿ ನಿಂತಳು. “ಹುಳ ಎಲ್ಲ ತೊಳದಾಕ್ಬುಟ್ಟೆ ಕಣವ್ವ!”

ಪಲ್ಲವಿ ಅಲ್ಲೇ ಬಕೆಟ್ಟಿನ ಮೇಲೆ ಕುಸಿದಳು. “ಅಯ್ಯೋ ದೊಡ್ಡಮ್ಮ, ಅದು ರೋಗ ಅಲ್ಲ! ಗಟ್ಟಿಮುಟ್ಟಾಗಿರೋ ಹಂದೀಲಿ ಸಿಕ್ಕಿದ್ದು. ಗೊತ್ತಿರೋ ಬ್ಯಾಕ್ಟೀರಿಯಾಗಳ ಜೊತೆಯೆಲ್ಲ ಹೋಲಿಸಿ, ಯಾರ ಪೈಕಿ ಅಂತ ನೋಡ್ದೆ. ಯಾರ ಪೈಕಿನೂ ಅಲ್ಲ, ಅದಕ್ಕೇ ಹೊಸದು ಅಂದಿದ್ದು.”

ಮಂಚಮ್ಮನ ಮುಖ ಸಣ್ಣದಾಯಿತು. ಮನೆಗೆ ಬಂದ ಹೊಸಬರನ್ನು ವಿಚಾರಿಸದೆಯೇ ಓಡಿಸಿದ್ದಳು.

ಮೂಲೆಯಲ್ಲಿದ್ದ ಸಿದ್ದಯ್ಯ ಕೆಮ್ಮಿದ. “ಚೆಲುವಿ ಎಲ್ಲಿ ಕುಡುದ್ಲು? ಮೂಸಿ ನೋಡಿ ತೊಟ್ಟೀನೇ ಮಗುಚಾಕುದ್ಲು. ನೀನು ಬೈತೀಯ ಅಂತ ನಾನೇ ತೊಳದ್ಬುಟ್ಟೆ.”

“ಯೇಳಬಾರ್ದಾ ನೀವು!”

“ನೀನು ಕೊಟ್ಟ ಕಷಾಯ ನಾನೂ ಇಂಗೇ ಚೆಲ್ಲದು. ಅದ್ನೂ ಯೇಳನಾ?”

ಪಲ್ಲವಿ ಆಗಲೇ ಕೊಳವೆ ಹಿಡಿದು ಚೆಲುವಿಯ ಹಿಂದೆ ಹೋಗಿದ್ದಳು.

ಅದೇ ಬ್ಯಾಕ್ಟೀರಿಯಾ ಮತ್ತೆ ಸಿಕ್ಕಿತು. ಅದಕ್ಕೆ ಬನ್ನೂರಿನ ಹೆಸರಿಡುತ್ತೇವೆ ಎಂದು ಪಲ್ಲವಿ ಸ್ವೀಟ್ ಡಬ್ಬಿ ಹಿಡಿದು ಬಂದಳು.

“ಸದ್ಯ, ಊರು ಗೊತ್ತಾಯ್ತು” ಎಂದು ಮಂಚಮ್ಮ ನಿಟ್ಟುಸಿರು ಬಿಟ್ಟಳು.

ಮೂರನೆಯ ದಿನ ಕರಿಯಯ್ಯ ಗಾಡಿ ನಿಲ್ಲಿಸಿ, ತಲೆ ಕೆರೆಯುತ್ತ ಶೆಡ್ಡಿನ ಬಾಗಿಲಲ್ಲಿ ನಿಂತ. “ಅಕ್ಕ, ಆ ಬನ್ನೂರು ಹುಳ ಈ ಮರಿಗಳಲ್ಲೂ ಇದ್ದದಾ? ಇಲ್ದೇ ಇರದು ನಂಗ್ಬ್ಯಾಡ.”