ಕೆಂಪಾಜಮ್ಮನ ಹೆಗಲ ಮಟ್ಟ

"ನನ್ ಎಗಲೇ ನಂಗೆ ಟೇಪು ಕಣಕ್ಕ. ಇಪ್ಪತ್ ವರ್ಷದಿಂದ ನಾನ್ ಎಳ್ದ ಗೀಟ್ನ ಒಬ್ರೂ ಒಂದ್ ಬೆರಳು ಅಲ್ಲಾಡಿಸಿಲ್ಲ" ಎಂದ ಗುರುಮಲ್ಲಪ್ಪ, ಗೋಡೆಗೆ ಒರಗಿ ನಿಂತು ತನ್ನ ಹೆಗಲ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗೀಟು ಹಾಕುತ್ತ.

ಮಾತು ಸುಳ್ಳಲ್ಲ. ನಂಜನಗೂಡಿನಿಂದ ಹುಲ್ಲಹಳ್ಳಿಯವರೆಗೆ ಅವನು ವೈರಿಂಗ್ ಮಾಡಿದ ಮನೆಗಳಲ್ಲೆಲ್ಲ ಸ್ವಿಚ್ ಬೋರ್ಡು ಅವನ ಹೆಗಲಿಗೇ ಇತ್ತು. ಆದರೆ ಅದು ಸಾಮಾನ್ಯದ ಹೆಗಲಲ್ಲ. ಏಣಿಯನ್ನು ಅವನು ಹೊತ್ತು ತರುತ್ತಿದ್ದದ್ದು ಬರೀ ಮರ್ಯಾದೆಗೆ. ಫ್ಯಾನು ಸಿಕ್ಕಿಸುವಾಗ ಕೊಂಚ ಬಗ್ಗುತ್ತಿದ್ದ ಎಂದು ಆಣೆ ಮಾಡುವವರಿದ್ದರು. ಮನೆಯೊಡತಿ ಕೆಂಪಾಜಮ್ಮನೋ, ನಿಂತಿದ್ದರೂ ಕೂತಿದ್ದಾಳೆಂದು ತಿಳಿದು ಜನ "ಏಳಮ್ಮ" ಎನ್ನುವಷ್ಟು ಗಿಡ್ಡ.

ತೊಂಬತ್ತೆಂಟರ ಮಾತು. ಮನೆಯ ವೈರುಗಳು ಅವಳ ಮಾವನ ಕಾಲದವು. ಸಾಯಂಕಾಲ ಇಡ್ಲಿ ಹಿಟ್ಟಿಗೆ ಗ್ರೈಂಡರ್ ಹಾಕಿದರೆ ಸ್ವಿಚ್ಚು ಕಿಡಿ ಕಾರುತ್ತಿತ್ತು. ಹನ್ನೆರಡು ವರ್ಷದಿಂದ ಅವಳು ಜಗಲಿಯಲ್ಲಿ ಇಡ್ಲಿ ಮಾರುತ್ತಿದ್ದಳು. ಮನೆ ನಡೆಯುತ್ತಿದ್ದದ್ದೇ ಅದರಿಂದ.

ಗೀಟು ಸ್ವಲ್ಪ ಕೆಳಗಿಳಿಸು ಎಂದು ಕೇಳಿದಳು. ಮಕ್ಕಳ ಕೈಗೆ ಸಿಗಬಾರದು, ಅದು ರೂಲು ಎಂದ ಗುರುಮಲ್ಲಪ್ಪ.

"ಈ ಮನೇಲಿರೋ ಮಗು ಅಂದ್ರೆ ನಿಮ್ ಭಾವ. ಅವ್ರಿಗೆ ಐವತ್ತೆಂಟು."

ಅವನು ನಕ್ಕು ಗೀಟನ್ನು ಇನ್ನಷ್ಟು ದಪ್ಪ ಮಾಡಿದ.

ಕೆಂಪಾಜಮ್ಮನಿಗೆ ಅದು ನಗುವ ವಿಷಯವಾಗಿರಲಿಲ್ಲ. ಹಿಂದಿನ ವರ್ಷ ಕಳಲೆಯಲ್ಲಿ ಅವಳಕ್ಕ ಮಂಚಮ್ಮನ ಮನೆಗೂ ಇವನೇ ವೈರಿಂಗ್ ಮಾಡಿದ್ದ. ಲೈಟು ಹಾಕಲು ಸ್ಟೂಲು ಹತ್ತಿದ ಮಂಚಮ್ಮ ಬಿದ್ದು ಮಣಿಕಟ್ಟು ಮುರಿದುಕೊಂಡು ಮೂರು ತಿಂಗಳು ಸೊಸೆಯ ಕೈತುತ್ತು ತಿಂದಿದ್ದಳು. ಇಲ್ಲಿ ತನ್ನ ಕೈ ಮುರಿದರೆ ಇಡ್ಲಿಯೂ ಮುಗಿಯಿತು. ಗಂಡ ಸಿದ್ದಮಲ್ಲಪ್ಪನಿಗೆ ಅಕ್ಕಿ ನೆನೆಹಾಕಲೂ ಬಾರದು.

ಕೆಲಸ ಮುಗಿಯುವವರೆಗೆ ಅಕ್ಕನ ಮನೆಯಲ್ಲಿರಿ ಎಂದು ಗುರುಮಲ್ಲಪ್ಪ ಬುದ್ಧಿ ಹೇಳಿದ. ಕೆಂಪಾಜಮ್ಮ ಜಗ್ಗಲಿಲ್ಲ. ಗೀಟು ಹಾಕಿದ್ದ ಆರು ಕಡೆ ಗೋಡೆ ಕೊರೆದು, ಪೈಪು ಬೋರ್ಡು ಕೂರಿಸಿ, ಗಾರೆ ಮೆತ್ತಿ ಎಂದು ಇಬ್ಬರು ಗಾರೆಯವರಿಗೆ ಒಪ್ಪಿಸಿ ಅವನು ಹುಲ್ಲಹಳ್ಳಿಯ ಇನ್ನೊಂದು ಮನೆಗೆ ಹೊರಟುಹೋದ.

ಮಾರನೆಯ ಬೆಳಿಗ್ಗೆ ಗಾರೆಯವರು ಬರುವ ಮೊದಲೇ ಕೆಂಪಾಜಮ್ಮ ಒದ್ದೆ ಬಟ್ಟೆಯಲ್ಲಿ ಆರೂ ಗೀಟು ಒರೆಸಿದಳು. ಆರೂ ಕಡೆ ಗೋಡೆಗೆ ಬೆನ್ನು ಕೊಟ್ಟು ನಿಂತು, ತನ್ನ ಹೆಗಲ ಮಟ್ಟಕ್ಕೆ ಇದ್ದಿಲಿನಲ್ಲಿ ಹೊಸ ಗೀಟು ಎಳೆದಳು. ಗಾರೆಯವರು ಬಂದರು, ಅವಳ ಇಡ್ಲಿ ತಿಂದರು, ಗೀಟು ಇದ್ದ ಕಡೆ ಕೊರೆದರು.

ಆಮೇಲಿನದು ಧೂಳಿನ ರಾಜ್ಯ. ಸಿದ್ದಮಲ್ಲಪ್ಪ ಕೆಮ್ಮಿದರೆ ಅರ್ಧ ಇಟ್ಟಿಗೆ ಆಚೆ ಬೀಳುತ್ತಿತ್ತು. ಒಲೆ ಹಿತ್ತಿಲಿಗೆ ಹೋಯಿತು, ಹಾಸಿಗೆ ಜಗಲಿಗೆ ಬಂತು. ಕರೆಂಟಿಲ್ಲದೆ ಗ್ರೈಂಡರ್ ಮೂಗನಾದಾಗ ಕೆಂಪಾಜಮ್ಮ, ಕಾಗೆಗಳು ಸ್ನಾನ ಮಾಡುತ್ತಿದ್ದ ಒರಳುಕಲ್ಲನ್ನು ತೊಳೆದು ಕೈಯಲ್ಲೇ ರುಬ್ಬಿದಳು. ಇಟ್ಟಿಗೆ ಧೂಳು ಬಿದ್ದು ಇಡ್ಲಿ ಕೆಂಪಗಾಯಿತು. ರಾಗಿ ಹಾಕಿದ್ದೀಯೇನಮ್ಮ ಎಂದು ಗಿರಾಕಿಗಳು ಕೇಳಿದರೆ ಅವಳು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಒಬ್ಬ ಆಮೇಲೂ ಒಂದು ತಿಂಗಳು ಅದೇ ಬೇಕೆಂದು ಹಟ ಹಿಡಿದ. ಒಂದು ದಿನವೂ ಜಗಲಿ ಬರಿದಾಗಲಿಲ್ಲ.

ಆರನೆಯ ದಿನ ಕನೆಕ್ಷನ್ ಕೊಡಲು ಬಂದ ಗುರುಮಲ್ಲಪ್ಪ ಬೋರ್ಡು ಹುಡುಕಿದ. ಸೊಂಟದ ಹತ್ತಿರ ಸಿಕ್ಕಿತು. ಗಾರೆ ಕಲ್ಲಾಗಿತ್ತು; ಒಡೆಯುವಂತಿರಲಿಲ್ಲ. ಆರೂ ಬೋರ್ಡಿಗೆ ಬಗ್ಗಿ ಬಗ್ಗಿ, ಸಾಯಂಕಾಲದ ಹೊತ್ತಿಗೆ ಅವನ ಬೆನ್ನು ಕುಡುಗೋಲಾಯಿತು.

"ಯಾರಕ್ಕ ನನ್ ಗೀಟು ಇಳ್ಸಿದ್ದು? ಇದ ನೋಡಿ ಗುರುಮಲ್ಲಪ್ಪ ಮಾಡಿದ್ದು ಅಂದ್ರೆ ನನ್ ಮರ್ವಾದೆ ಏನಾಗ್ಬೇಕು?"

ಕೆಂಪಾಜಮ್ಮ ಅಕ್ಕಿ ತುಂಬಿಟ್ಟಿದ್ದ ಗ್ರೈಂಡರಿನ ಬಳಿ ಹೋಗಿ, ಹಿಮ್ಮಡಿ ಕೂಡ ಎತ್ತದೆ ಸ್ವಿಚ್ಚು ಒತ್ತಿದಳು. ಗ್ರೈಂಡರ್ ಗುಡುಗಿತು.

"ನಿನ್ ಎಗಲು ಎರಡ್ ದಿನ ಬಂದು ಓಯ್ತದೆ ಕಣಪ್ಪ, ದಿನಾ ಒತ್ತೋದು ನನ್ ಕೈ. ಬೆನ್ನು ನೋಯ್ತಿದ್ರೆ ಕಳಲೆಗೆ ಓಗು, ನಮ್ಮಕ್ಕನ ಸ್ಟೂಲ್ ಮೇಲೆ ಒಸಿ ಕೂತ್ಕೊ. ಅಂಗೇ ಅಲ್ಲಿ ಬೋರ್ಡುನೂ ಇಳಿಸ್ಬುಟ್ಟು ಬಾ."